ಹಳೇ ದೊಡ್ಡಜಾಲ ರೈಲ್ವೆ ಸ್ಟೇಷನ್ ಪಕ್ಕ ಡೆಬ್ರಿಸ್: ಏನು ಮಾಡೋಣ? (ನಿವಾಸಿಗಳ ಗುಂಪಿನ ಮಾತುಕತೆ)

ಎ ಬ್ಲಾಕ್: ನಮಸ್ಕಾರ. ಹಳೇ ಸ್ಟೇಷನ್ ಹತ್ರ ರಾತ್ರಿ ಮತ್ತೆ ಯಾರೋ ಡೆಬ್ರಿಸ್ (ಕಟ್ಟಡ ಒಡೆದ ಕಸ) ಸುರಿದು ಹೋಗಿದ್ದಾರೆ. ಕಲ್ಲುಗೋಡೆಯ ಬುಡದ ತನಕ ಬಂದಿದೆ. ಸಂದಿಯಲ್ಲಿ ಅರಳಿ ಗಿಡ ಬೇರೆ. ಭಾನುವಾರ ಎಲ್ಲರೂ ಸೇರೋಣ್ವಾ?

ಸಿ ಬ್ಲಾಕ್: ಒಂದು ಜೆಸಿಬಿ ತರಿಸಿ ಎಲ್ಲಾ ಕ್ಲೀನ್ ಮಾಡಿಸಿಬಿಡೋಣ. ಮಕ್ಕಳು ಅಲ್ಲೇ ಆಡುತ್ತಾರೆ, ಹಾವಿನ ಭಯ. ಚಾವಣಿ ಇಲ್ಲದ ಗೋಡೆ ಇಟ್ಟುಕೊಂಡು ಏನು ಪ್ರಯೋಜನ?

ಬಿ ಬ್ಲಾಕ್: ದಯವಿಟ್ಟು ಜೆಸಿಬಿ ಬೇಡ ಸಾರ್. ನಾನು ಈ ಊರಿನವನೇ. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಈ ಲೈನ್ ಶುರುವಾಗಿದ್ದು 1915ರಲ್ಲಿ. ಆಗ ಮೈಸೂರಿನ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಮುದ್ದೇನಹಳ್ಳಿಯೂ ಚಿಕ್ಕಬಳ್ಳಾಪುರದ ಪಕ್ಕದಲ್ಲೇ. ಹಳಿಯ ಅಗಲ ಬರೀ ಎರಡೂವರೆ ಅಡಿ, ಈಗಿನದ್ದು ಐದೂವರೆ. ಮುಂದೆ ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಬಂಗಾರಪೇಟೆ ತನಕ ಚಿಕ್ಕ ಗಾಡಿ ಹೋಗುತ್ತಿತ್ತು. ನಮ್ಮಜ್ಜಿ ಸೊಪ್ಪಿನ ಕುಕ್ಕೆ ಹೊತ್ತು ಇಲ್ಲೇ ಹತ್ತುತ್ತಿದ್ದರು. ಟಿಕೆಟ್ ಕಿಟಕಿಯ ಕಲ್ಲು ನೋಡಿ, ಜನರ ಕೈ ತಾಗಿ ತಾಗಿ ಅಂಚು ನುಣ್ಣಗಾಗಿದೆ. 90ರ ದಶಕದಲ್ಲಿ ಬ್ರಾಡ್‌ಗೇಜ್, ಅಂದರೆ ದೊಡ್ಡ ಹಳಿ ಬಂತು, ಈ ಕಟ್ಟಡ ಖಾಲಿ ಬಿತ್ತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ದೊಡ್ಡ ಹಳಿ ಆಗಿದ್ದು 2013ಕ್ಕೆ. ಹಳೇ ಲೈನಿನ ಗುರುತಾಗಿ ಉಳಿದಿರೋದೇ ಇಂಥ ನಾಲ್ಕಾರು ಕಟ್ಟಡ. ಇದನ್ನೂ ಕಳೆದುಕೊಳ್ಳೋದಾ?

ಡಿ ಬ್ಲಾಕ್: ಇದೇ ಲೈನಿನ ಹಳೇ ಸ್ಟೇಷನ್ ನಂದಿ ಹಾಲ್ಟ್ ನೋಡಿಕೊಂಡು ಬನ್ನಿ. ಪಾರಂಪರಿಕ ಕಟ್ಟಡಗಳನ್ನು ಉಳಿಸೋ ಸಂಸ್ಥೆ ಇಂಟ್ಯಾಕ್‌ನವರು ಕೈ ಹಾಕಿದ ಮೇಲೆ ಎಷ್ಟು ಚೆನ್ನಾಗಿದೆ! ನಮ್ಮದಕ್ಕೂ ಕೇಳೋಣ.

ಸಿ ಬ್ಲಾಕ್: ಅಲ್ಲಿವರೆಗೆ ಸಿಮೆಂಟ್ ಹಚ್ಚಿಸಿ ಬಣ್ಣ ಹೊಡೆಸಬಹುದಲ್ವಾ?

ಎ ಬ್ಲಾಕ್ (ಸಿವಿಲ್ ಎಂಜಿನಿಯರ್): ಬೇಡಿ ಸಾರ್. ಇದು ಸುಣ್ಣದ ಗಾರೆಯ ಗೋಡೆ. ಒಳಗಿನ ತೇವ ಗಾರೆಯ ಮೂಲಕ ಹೊರಗೆ ಆರುತ್ತೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ನಿಲ್ಲುತ್ತೆ, ಗಾರೆ ಪುಡಿಯಾಗುತ್ತೆ. ಅರಳಿ ಗಿಡವನ್ನೂ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತೆ. ಬುಡಕ್ಕೆ ಕತ್ತರಿಸಿ, ಬೇರು ಸಾಯೋ ಹಾಗೆ ಔಷಧಿ ಹಾಕಿಸಬೇಕು. ಇನ್ನೊಂದು, ಅದು ರೈಲ್ವೆ ಜಾಗ. ಅನುಮತಿ ಇಲ್ಲದೆ ಒಳಗೆ ಹೋದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲು ಡಿಆರ್‌ಎಂ (ರೈಲ್ವೆಯ ವಿಭಾಗೀಯ ವ್ಯವಸ್ಥಾಪಕರು) ಕಚೇರಿಗೆ ಪತ್ರ ಕೊಡೋಣ.

ಬಿ ಬ್ಲಾಕ್: ಪತ್ರ ಇವತ್ತೇ ಬರೆಯುತ್ತೇನೆ. ಬೇಲಿ, ಡೆಬ್ರಿಸ್ ತೆಗೆಯೋದು, ಗಿಡ ಕಡಿಸೋದು, ಈ ಮೂರೇ ಬೇಡಿಕೆ. ಊರಿನ ಹಿರಿಯರ ಹತ್ರ ಹಳೇ ಫೋಟೋ ಇದ್ದರೆ ಅದನ್ನೂ ಲಗತ್ತಿಸೋಣ.

ಸಿ ಬ್ಲಾಕ್: ಸರಿ, ಜೆಸಿಬಿ ಮಾತು ಬಿಟ್ಟೆ. ನನ್ನ ಸಹಿ ಹಾಕಿಕೊಳ್ಳಿ. ಡೆಬ್ರಿಸ್ ಟ್ರ್ಯಾಕ್ಟರ್ ಕಂಡರೆ ರಸ್ತೆಯಿಂದಲೇ ಫೋಟೋ ತೆಗೆದು ಇಲ್ಲಿ ಹಾಕಿ, ದೂರು ನಾನು ಕೊಡುತ್ತೇನೆ.

ಎ ಬ್ಲಾಕ್: ಭಾನುವಾರ ಬೆಳಿಗ್ಗೆ 9ಕ್ಕೆ ಪಾರ್ಕಿನಲ್ಲಿ ಸಹಿ. ಮನೆಗೊಬ್ಬರಾದರೂ ಬನ್ನಿ.