ಮತಯಂತ್ರದಲ್ಲಿ ಪ್ರಧಾನಿಯ ಹೆಸರಿಲ್ಲದಿದ್ದರೆ ನಾವು ಆರಿಸುವುದು ಯಾರನ್ನು?

ಪ್ರಶ್ನೆ | ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಕಳೆದ ತಿಂಗಳು 18 ವರ್ಷ ತುಂಬಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6 ತುಂಬುತ್ತಾ ಕುಳಿತಿದ್ದಾಗ ಅವಳು ಕೇಳಿದ ಪ್ರಶ್ನೆಗಳಿಗೆ ನನ್ನಿಂದ ಸಮರ್ಪಕವಾಗಿ ಉತ್ತರಿಸಲು ಆಗಲಿಲ್ಲ. ಒಂದು ಚುನಾವಣೆಯನ್ನೂ ತಪ್ಪಿಸದೆ ಮತ ಹಾಕಿಕೊಂಡು ಬಂದವನು ನಾನು. ಆದ್ದರಿಂದ ಬಲ್ಲವರನ್ನು ಕೇಳಿ ಸರಿಯಾಗಿಯೇ ತಿಳಿಸೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಲೋಕಸಭಾ ಚುನಾವಣೆ ಬಂತೆಂದರೆ ಹೋಟೆಲಿನಲ್ಲಿ, ಬಸ್ಸಿನಲ್ಲಿ ಎಲ್ಲರೂ ಮಾತಾಡುವುದು ಯಾರು ಪ್ರಧಾನಿಯಾಗಬೇಕೆಂದು. ಆದರೆ ಯಂತ್ರದಲ್ಲಿ ಇರುವುದು ದಾವಣಗೆರೆ ಕ್ಷೇತ್ರದ ಅಭ್ಯರ್ಥಿಗಳ ಹೆಸರು ಮಾತ್ರ. ಹಾಗಾದರೆ ನಾವು ಆರಿಸುವುದು ಯಾರನ್ನು? ಅರ್ಧಕ್ಕಿಂತ ಕಡಿಮೆ ಮತ ಬಿದ್ದವರೂ ಗೆಲ್ಲುತ್ತಾರಲ್ಲ, ಹೆಚ್ಚು ಜನರು ಆರಿಸದವರು ಎಲ್ಲರ ಪ್ರತಿನಿಧಿ ಹೇಗಾಗುತ್ತಾರೆ? ಇನ್ನೊಂದು ಮಾತು: ನನ್ನ ತಂಗಿಯ ಮನೆ ಹರಪನಹಳ್ಳಿಯಲ್ಲಿದೆ. ಅವರ ಜಿಲ್ಲೆ ವಿಜಯನಗರ, ಆದರೆ ಸಂಸದರು ಮಾತ್ರ ನಮ್ಮ ದಾವಣಗೆರೆಯವರೇ. ಇದೇಕೆ ಹೀಗೆ?

ಉತ್ತರ 1 | ಚಿತ್ರದುರ್ಗ, ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ

ತಮ್ಮ ಮಗಳು ಕೇಳಿದ್ದು ಮೂಲಭೂತವಾದ ಪ್ರಶ್ನೆ. ಸಂಸದೀಯ ವ್ಯವಸ್ಥೆಯಲ್ಲಿ ಮತದಾರ ನೇರವಾಗಿ ಸರ್ಕಾರವನ್ನು ಆರಿಸುವುದಿಲ್ಲ, ಸದನವನ್ನು ಆರಿಸುತ್ತಾನೆ. ಆ ಸದನದ ಬಹುಮತ ಯಾರ ಹಿಂದಿದೆಯೋ ಅವರು ಸರ್ಕಾರ ನಡೆಸುತ್ತಾರೆ. ಲೋಕಸಭೆಯ 543 ಕ್ಷೇತ್ರಗಳಲ್ಲಿ ಕರ್ನಾಟಕಕ್ಕೆ 28 ಇದ್ದು, ಅವುಗಳಲ್ಲಿ ಒಂದು ದಾವಣಗೆರೆ, ಇನ್ನೊಂದು ಪರಿಶಿಷ್ಟ ಜಾತಿಗೆ ಮೀಸಲಾದ ನಮ್ಮ ಚಿತ್ರದುರ್ಗ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕೆಂದು ಸಂವಿಧಾನದ 75ನೇ ವಿಧಿ ಹೇಳುತ್ತದೆ. ಸದನದ ವಿಶ್ವಾಸ ಕಳೆದುಕೊಂಡ ದಿನ ಪ್ರಧಾನಿ ಎಷ್ಟೇ ಜನಪ್ರಿಯರಾಗಿದ್ದರೂ ಅಧಿಕಾರದಲ್ಲಿ ಉಳಿಯಲಾರರು.

ಇದನ್ನು ತರಗತಿಯಲ್ಲಿ ಹೇಳುವಾಗ ನಾನು ದೂರದ ಉದಾಹರಣೆ ಹುಡುಕುತ್ತಿರಲಿಲ್ಲ. 1952ರಲ್ಲಿ ಚಿತ್ರದುರ್ಗದಿಂದಲೇ ಲೋಕಸಭೆಗೆ ಹೋಗಿ, 1956ರಲ್ಲಿ ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 1962ರ ವಿಧಾನಸಭಾ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತರು. ಅವರ ಪಕ್ಷಕ್ಕೆ ಬಹುಮತ ಬಂದಿತ್ತು, ನಾಯಕರಿಗೆ ಮಾತ್ರ ಸದನದಲ್ಲಿ ಸ್ಥಾನವಿರಲಿಲ್ಲ. ಆಗ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ, ಅದೇ ವರ್ಷದ ಜೂನ್ ತಿಂಗಳಲ್ಲಿ ಮತ್ತೆ ಆ ಹುದ್ದೆಗೆ ಬಂದರು. ಸದಸ್ಯರಲ್ಲದವರು ಆರು ತಿಂಗಳವರೆಗೆ ಮಂತ್ರಿಯಾಗಿರಲು ಸಂವಿಧಾನದಲ್ಲಿ ಅವಕಾಶವಿದೆಯಾದರೂ, ಅಷ್ಟರೊಳಗೆ ಶಾಸನಸಭೆಯ ಯಾವುದಾದರೊಂದು ಸದನದ ಸದಸ್ಯರಾಗಲೇಬೇಕು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿರುವ ಅವರ ಸ್ಮಾರಕಕ್ಕೆ ಮಗಳನ್ನು ಕರೆದುಕೊಂಡು ಹೋದಾಗ ಇದನ್ನೂ ತಿಳಿಸಿ.

ಹರಪನಹಳ್ಳಿಯ ವಿಷಯ ಸರಳವಾಗಿದೆ. ಕ್ಷೇತ್ರಗಳ ಗಡಿ ಬೇರೆ, ಜಿಲ್ಲೆಗಳ ಗಡಿ ಬೇರೆ. ಈಗಿರುವ ಕ್ಷೇತ್ರಗಳು 2001ರ ಜನಗಣತಿಯ ಆಧಾರದ ಮೇಲೆ ವಿಂಗಡಣೆಯಾಗಿ 2008ರಿಂದ ಜಾರಿಗೆ ಬಂದವು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಆಮೇಲೆ ತಾಲ್ಲೂಕು ಜಿಲ್ಲೆ ಬದಲಿಸಿತು, ಕ್ಷೇತ್ರ ಬದಲಾಗಲಿಲ್ಲ. ನಮ್ಮಲ್ಲಿಯೂ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ.

ಅರ್ಧಕ್ಕಿಂತ ಕಡಿಮೆ ಮತದ ಬಗ್ಗೆ: ನಮ್ಮ ಕಾನೂನು ಕೇಳುವುದು ಉಳಿದ ಎಲ್ಲರಿಗಿಂತ ಹೆಚ್ಚು ಮತವನ್ನು, ಅರ್ಧಕ್ಕಿಂತ ಹೆಚ್ಚನ್ನಲ್ಲ. ಹತ್ತು ಲಕ್ಷ ಮತಗಳಲ್ಲಿ ಮೂವರಿಗೆ ನಾಲ್ಕು, ಮೂರೂವರೆ, ಎರಡೂವರೆ ಲಕ್ಷ ಬಿದ್ದರೆ ನಾಲ್ಕು ಲಕ್ಷದವರೇ ಸಂಸದರು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದರು. ಈ ಪದ್ಧತಿ ಎಲ್ಲರಿಗೂ ಅರ್ಥವಾಗುತ್ತದೆ, ನಮ್ಮ ಪ್ರತಿನಿಧಿ ಇಂಥವರೇ ಎಂದು ಬೆರಳು ಮಾಡಿ ತೋರಿಸಬಹುದು. ನನಗೆ ಇದೇ ಸರಿಯೆನಿಸುತ್ತದೆ.

ಉತ್ತರ 2 | ಹೊಳಲ್ಕೆರೆ, ವಕೀಲ

ಸರ್, ತಮ್ಮ ಕೊನೆಯ ಮಾತನ್ನು ಗೌರವದಿಂದಲೇ ಒಪ್ಪಲಾರೆ. ಒಂದು ಕ್ಷೇತ್ರದ ಮಟ್ಟಿಗೆ ಅದು ಸರಳ, ನಿಜ. ಆದರೆ ಎಲ್ಲ ಕ್ಷೇತ್ರಗಳನ್ನು ಒಟ್ಟಿಗೆ ಕೂಡಿಸಿ ನೋಡಿದಾಗ ಮತಕ್ಕೂ ಸ್ಥಾನಕ್ಕೂ ತಾಳೆಯಾಗದೆ ಹೋಗುತ್ತದೆ. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ 222 ವಿಧಾನಸಭಾ ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36 ಮತ ಬಂದಿದ್ದವು. ಸ್ಥಾನಗಳು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ಒಂದು ಪಕ್ಷದ ಮತಗಳು ಎಲ್ಲೆಡೆ ತೆಳುವಾಗಿ ಹರಡಿ, ಇನ್ನೊಂದರವು ಕೆಲವು ಭಾಗಗಳಲ್ಲಿ ದಟ್ಟವಾಗಿದ್ದರೆ ಹೀಗಾಗುತ್ತದೆ. ಕೊನೆಗೆ 37 ಸ್ಥಾನ ಪಡೆದ ಜೆಡಿಎಸ್‌ನ ಎಚ್. ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ಸಿನ ಬೆಂಬಲದಿಂದ ಮುಖ್ಯಮಂತ್ರಿಯಾದರು. ಅದರಲ್ಲಿ ಕಾನೂನಿನ ತಪ್ಪೇನೂ ಇಲ್ಲ, ತಾವು ಹೇಳಿದ ಸದನದ ಬಹುಮತದ ನಿಯಮಕ್ಕೆ ಅದೂ ಒಂದು ಉದಾಹರಣೆಯೇ.

ಜರ್ಮನಿಯಲ್ಲಿ ಮತದಾರನಿಗೆ ಎರಡು ಮತಗಳಿವೆ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ. ಪಕ್ಷದ ಬಲವನ್ನು ಈ ಎರಡನೆಯ ಮತದ ಪ್ರಮಾಣ ನಿರ್ಧರಿಸುತ್ತದೆ. ನಮ್ಮಲ್ಲಿಯೂ ರಾಜ್ಯಸಭೆಗೆ ಶಾಸಕರು ಅಭ್ಯರ್ಥಿಗಳಿಗೆ ಆದ್ಯತೆಯ ಅಂಕಿ ಬರೆದು ಪ್ರಮಾಣಾನುಸಾರವಾಗಿಯೇ ಆರಿಸುತ್ತಾರೆ. ಲೋಕಸಭೆಗೂ ಇಂಥದ್ದೇ ಪದ್ಧತಿ ಬೇಕೆಂಬ ತಿದ್ದುಪಡಿ 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಗೆ ಬಂದಾಗ, ಸಾಕ್ಷರತೆ ಕಡಿಮೆ ಇರುವ ದೇಶಕ್ಕೆ ಅದು ಹೊಂದುವುದಿಲ್ಲ, ಸ್ಥಿರ ಸರ್ಕಾರವೂ ಸಿಗುವುದಿಲ್ಲ ಎಂದು ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮೊದಲನೆಯ ಕಾರಣ ಇಂದು ಆಗಿನಷ್ಟು ಬಲವಾಗಿ ಉಳಿದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 3 | ಜಗಳೂರು, ಶಾಲಾ ಶಿಕ್ಷಕಿ

ನಾನು ಮೂರು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ತಮ್ಮ ಮಗಳು ಅಲ್ಲಿ ಏನನ್ನು ಗಮನಿಸಬೇಕೆಂದು ಮಾತ್ರ ಹೇಳುತ್ತೇನೆ.

ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ಅಳಿಸಿ, ಯಂತ್ರಕ್ಕೆ ಸೀಲು ಮಾಡುತ್ತೇವೆ. ನಂತರ ಬರುವ ಮತದಾರರ ಹೆಸರನ್ನು ಮೊದಲ ಅಧಿಕಾರಿ ಗಟ್ಟಿಯಾಗಿ ಓದುವುದು ಏಜೆಂಟರಿಗೆ ಕೇಳಿಸಲೆಂದೇ. ಎಡಗೈ ತೋರುಬೆರಳಿಗೆ ಶಾಯಿ, ರಿಜಿಸ್ಟರಿನಲ್ಲಿ ಸಹಿ, ಆಮೇಲೆ ಯಂತ್ರ. ನೀಲಿ ಗುಂಡಿ ಒತ್ತಿದ ಕೂಡಲೇ ಪಕ್ಕದ ವಿವಿಪ್ಯಾಟ್ (ಮತದ ಚೀಟಿ ಮುದ್ರಿಸುವ ಯಂತ್ರ) ಗಾಜಿನೊಳಗೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣಿಸಿ, ಕತ್ತರಿಸಿ ಒಳಗೆ ಬೀಳುತ್ತದೆ. ಎಷ್ಟೋ ಜನ ಗುಂಡಿ ಒತ್ತಿದ್ದೇ ಹೊರಟುಬಿಡುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಹುಣಸೆಹಣ್ಣು ಬಿಡಿಸಿ ಬೆರಳೆಲ್ಲ ಕಪ್ಪಾಗಿತ್ತು. ನಮ್ಮ ಸಹೋದ್ಯೋಗಿ ಬಟ್ಟೆಯಿಂದ ಒರೆಸಿ ಶಾಯಿ ಹಚ್ಚಬೇಕಾಯಿತು. ಗುಂಡಿ ಒತ್ತಿದ ಮೇಲೂ ಅವರು ಮರೆಯಿಂದ ಕದಲಲಿಲ್ಲ. ಹಿಂದಿನ ಸಾಲಿನವರು ಅವಸರ ಮಾಡಿದಾಗ, “ನಾನು ಒತ್ತಿದ್ದೇ ಬಂತೋ ಇಲ್ಲೋ ನೋಡಬ್ಯಾಡ್ವೇನಪ್ಪಾ?” ಎಂದರು.

ಸಂಜೆ ಒಟ್ಟು ಎಷ್ಟು ಮತ ಬಿದ್ದವೆಂಬ ಲೆಕ್ಕವನ್ನು ನಮೂನೆ 17ಸಿ ಯಲ್ಲಿ ಬರೆದು, ಅದರ ಪ್ರತಿಯನ್ನು ಏಜೆಂಟರಿಗೆ ಕೊಡುತ್ತೇವೆ. ಎಣಿಕೆಯ ದಿನ ಆ ಅಂಕಿ ತಾಳೆಯಾಗಬೇಕು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸುತ್ತಾರೆ. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿರುವುದರಿಂದ ಒಟ್ಟು 40 ಮತಗಟ್ಟೆಗಳ ಚೀಟಿಗಳಾದವು. ತಮ್ಮ ಮಗಳ ಹೆಸರಿನಲ್ಲಿ ಬೇರೆ ಯಾರಾದರೂ ಮೊದಲೇ ಮತ ಹಾಕಿದ್ದರೆ ಸುಮ್ಮನೆ ಹಿಂದಿರುಗಬಾರದು. ಗುರುತು ಖಚಿತವಾದ ಮೇಲೆ ಕಾಗದದ ಮತಪತ್ರದಲ್ಲಿ ಟೆಂಡರ್ ಮತ ಹಾಕುವ ಹಕ್ಕು ಅವಳಿಗಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿಜಲಿಂಗಪ್ಪನವರು ಸೋತ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಮತಗಳ ಪದ್ಧತಿಯಲ್ಲಿ ಪಕ್ಷದ ಪಟ್ಟಿಯಿಂದ ಬಂದವರು ಯಾವ ಊರಿಗೆ ಉತ್ತರ ಹೇಳಬೇಕು ಎಂದು ಮಗಳು ಈಗ ವಕೀಲರನ್ನು ಕೇಳುತ್ತಿದ್ದಾಳೆ. ಬಿಡುವಾದಾಗ ದಯವಿಟ್ಟು ಬರೆಯಿರಿ.