ತೊಟ್ಟಿ ಮನೆ ಗೋಡೆ ಮೂರಡಿವರೆಗೆ ಉಪ್ಪು ಬಿಡ್ತಿದೆ, ವಾಟರ್‌ಪ್ರೂಫ್ ಹೊಡೆಸಿದರೂ ನಿಂತಿಲ್ಲ (ಕೋಲಾರ)

ಪಡಸಾಲೆ: ಸೋಮೇಶ್ವರ ದೇವಸ್ಥಾನದಿಂದ ಸುಮಾರು 80 ಮೀಟರ್ ದೂರದ ಹಳೇ ಮನೆ. 18 ಇಂಚಿನ ಗೋಡೆ: ಕಲ್ಲಿನ ಪಾಯ, ಸುಟ್ಟ ಇಟ್ಟಿಗೆ, ಮಣ್ಣಿನ ಗಾರೆ. ಎರಡು ವರ್ಷದ ಹಿಂದೆ ಸುಣ್ಣದ ಗಾರೆ ಕಿತ್ತು ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಎಮಲ್ಷನ್ ಆಗಿದೆ. ಈಗ ಮೂರಡಿವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ವಾಟರ್‌ಪ್ರೂಫ್ ಕೋಟಿಂಗ್ ಹೊಡೆದ ಮೇಲೆ ನಾಲ್ಕಡಿಗೆ ಏರಿತು. ಬೋರ್‌ವೆಲ್ ನೀರೇ ಸಾವಿರ ಅಡಿ ಕೆಳಗಿರುವ ಊರಲ್ಲಿ ನೆಲದಿಂದ ತೇವ ಎಲ್ಲಿಂದ? ಅದೇ ಗೋಡೆಗೆ ಬಾತ್‌ರೂಮ್ ಬೇರೆ ಮಾಡಿಸಬೇಕಿದೆ.

ಗಾರೆಕರಣೆ: ಅಂತರ್ಜಲಕ್ಕೂ ಇದಕ್ಕೂ ಸಂಬಂಧವಿಲ್ಲ ಸಾರ್. ಪಾಯದ ಪಕ್ಕ ಇಂಗುವ ನೀರನ್ನು ಇಟ್ಟಿಗೆ ಹೀರಿಕೊಳ್ಳುತ್ತೆ. ಸುಣ್ಣದ ಗಾರೆ ಇದ್ದಾಗ ಅದು ಕೆಳಗೇ ಆವಿಯಾಗಿ ಹೋಗುತ್ತಿತ್ತು. ಎರಡೂ ಕಡೆ ಸಿಮೆಂಟ್ ಮುಚ್ಚಿದ್ದೀರಿ, ದಾರಿ ಸಿಗುವವರೆಗೆ ಮೇಲೇರುತ್ತೆ. ಕೋಟಿಂಗ್ ಹೊಡೆದ ಮೇಲೆ ಒಂದಡಿ ಹೆಚ್ಚಾಗಿದ್ದು ಅದಕ್ಕೇ. ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಒಳಗಿಂದ ತಳ್ಳುತ್ತಿದೆ.

ಮೊದಲು ಎರಡು ಪರೀಕ್ಷೆ ಮಾಡಿ. ಒಂದಡಿ ಚದರದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 48 ಗಂಟೆ ಬಿಡಿ. ಹನಿ ಗೋಡೆ ಕಡೆ ಇದ್ದರೆ ತೇವ ಒಳಗಿನದು, ಕೋಣೆ ಕಡೆ ಇದ್ದರೆ ಬರೀ ಗಾಳಿಯದು. ಆಮೇಲೆ ತೊಟ್ಟಿಯ ನೀರು ಹೋಗುವ ಕಂಡಿಗೆ ಒದ್ದೆ ಗೋಣಿ ತುರುಕಿ ಮೂರು ಇಂಚು ನೀರು ನಿಲ್ಲಿಸಿ, ಪೆನ್ಸಿಲ್ ಗುರುತು ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಬೀದಿ ಕಾಂಕ್ರೀಟ್ ಮನೆಯ ನೆಲಕ್ಕಿಂತ ಮೇಲೆ ಬಂದಿದೆಯಾ ಅಂತಲೂ ಅಳೆಯಿರಿ.

ಪಡಸಾಲೆ: ಹನಿ ಗೋಡೆ ಕಡೆಯೇ ಇದೆ. ತೊಟ್ಟಿ ನೀರು ಗಂಟೆಗೆ ಒಂದೂವರೆ ಇಂಚು ಇಳಿಯಿತು! ಬೀದಿ ಐದು ಇಂಚು ಮೇಲಿದೆ.

ಗಾರೆಕರಣೆ: ಕಳ್ಳ ಸಿಕ್ಕ. ತೊಟ್ಟಿಯ ಚಪ್ಪಡಿ ಸಂದು, ಮೋರಿ ಎರಡನ್ನೂ ಸರಿಮಾಡದೆ ಗೋಡೆ ಮುಟ್ಟಬೇಡಿ. ಬೀದಿ ಕಡೆ ನಗರಸಭೆಯವರ ಒಪ್ಪಿಗೆ ಪಡೆದು ಗೋಡೆಯುದ್ದಕ್ಕೂ ಒಂದಡಿ ಅಗಲದ ಜಲ್ಲಿ ಚರಂಡಿ, ಆದರೆ ಪಾಯದ ತಳಕ್ಕಿಂತ ಆಳ ತೋಡಬಾರದು.

ಸಿಮೆಂಟನ್ನು ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ತೆಗೆಸಿ. ಗ್ರೈಂಡರ್‌ನಲ್ಲಿ ಚೌಕ ಕೊಯ್ದು ಉಳಿಯಿಂದ ಎಬ್ಬಿಸಬೇಕು. ಬ್ರೇಕರ್ ಹಚ್ಚಿದರೆ ಮಣ್ಣಿನ ಗಾರೆ ಸಡಿಲವಾಗಿ ಇಟ್ಟಿಗೆಯೇ ಕೈಗೆ ಬರುತ್ತೆ. ಸಂದುಗಳನ್ನು 15 ಮಿ.ಮೀ. ಕೆರೆದು ಉಪ್ಪನ್ನು ಒಣ ಬ್ರಷ್‌ನಲ್ಲೇ ಗುಡಿಸಿ. ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತೆ. ಒಣಗಲು ತಿಂಗಳಿಗೆ ಒಂದು ಇಂಚು ಅಂತ ಲೆಕ್ಕ. ಎರಡೂ ಕಡೆ ತೆರೆದಿದ್ದರೂ ಒಂಬತ್ತು ತಿಂಗಳು. ಅವಸರ ಮಾಡಿದವರೆಲ್ಲ ಎರಡು ಸಲ ದುಡ್ಡು ಕೊಟ್ಟಿದ್ದಾರೆ.

ಆಮೇಲೆ ನೀರಲ್ಲಿ ಅರಳಿಸಿ ಕೊಳೆಹಾಕಿದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು. 100 ಚದರಡಿಗೆ 20 ಮಿ.ಮೀ. ದಪ್ಪ ಬೇಕಾದರೆ ಸುಮಾರು 7 ಘನ ಅಡಿ ಮರಳು, 65 ಲೀಟರ್ ಸುಣ್ಣ. ಒಂದು ಸಲಕ್ಕೆ 10 ಮಿ.ಮೀ. ಮೀರಬಾರದು, ಎರಡರ ನಡುವೆ ಏಳು ದಿನ ನೀರು ಚಿಮುಕಿಸಿ. "ಬೇಗ ಗಟ್ಟಿಯಾಗ್ಲಿ" ಅಂತ ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟ್ ಸೇರಿಸ್ತಾನೆ, ಪಕ್ಕದಲ್ಲೇ ನಿಂತಿರಿ. ಮೇಲೆ ಸುಣ್ಣವೇ ಬಳಿಯಿರಿ, ಪುಟ್ಟಿ ಬೇಡ.

ಕಲ್ಲುಚಪ್ಪಡಿ: ಬಾತ್‌ರೂಮಿಗೆ ಹಳೇ ಗೋಡೆ ಕೊರೆಯಬೇಡಿ. ಎರಡು ಇಂಚು ಸಂದು ಬಿಟ್ಟು 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಎಬ್ಬಿಸಿ, ಪೈಪು, ಟೈಲ್ಸ್, ಗೀಸರ್ ಎಲ್ಲ ಅದಕ್ಕೇ. ಸಂದಿಗೆ ಮೇಲೂ ಕೆಳಗೂ ಗಾಳಿ ಕಂಡಿ ಇರಲಿ.

ಇನ್ನೊಂದು ಮಾತು. ಸೋಮೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 100 ಮೀಟರ್ ಒಳಗೆ ನಿಷೇಧಿತ ಪ್ರದೇಶ, ಮೇಲೊಂದು ಮಹಡಿ ಅನ್ನೋ ಆಸೆ ಇದ್ದರೆ ಬಿಡಿ. 16 ಜೂನ್ 1992ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ ಬರಬೇಕು. ಗೋಡೆ ಒಣಗೋ ಒಂಬತ್ತು ತಿಂಗಳಿಗೆ ಕಾಯದೆ, ಸಿಮೆಂಟ್ ಕೀಳುವ ಮುಂಚೆಯೇ ಈಗಿನ ಫೋಟೋ, ಹಳೇ ಕಂದಾಯ ರಸೀದಿ ಜೊತೆ ಅರ್ಜಿ ಕೊಡಿ.

ಪಡಸಾಲೆ: ತೊಟ್ಟಿ ಸಂದಿಗೂ ಇದೇ ಸುಣ್ಣ ಸಾಕಾ?

ಗಾರೆಕರಣೆ: ಸಾಲದು, ನೀರಲ್ಲಿ ಬರೀ ಸುಣ್ಣ ಗಟ್ಟಿಯಾಗಲ್ಲ. ಮರಳಿನಲ್ಲಿ ಮೂರನೇ ಒಂದು ಭಾಗ ತೆಗೆದು, ಕಡಿಮೆ ಶಾಖದಲ್ಲಿ ಸುಟ್ಟ ಇಟ್ಟಿಗೆಯ ನಯವಾದ ಪುಡಿ ಸೇರಿಸಿ.