ಅಣಕು ಬಂದೂಕೋ, ಕವಾಯತು ಕೋವಿಯೋ? ಜಪಾನಿನ ಶಾಲಾ ಬಂದೂಕಿಗೊಂದು ಹೆಸರು ಬೇಕಾಗಿದೆ

ಗೆಳೆಯರಿಗೆ ನಮಸ್ಕಾರ.

ಅಮೆರಿಕದಲ್ಲಿರುವ ನನ್ನ ಸೋದರಳಿಯ ಕಳೆದ ತಿಂಗಳು ಹಳೆಯ ಬಂದೂಕೊಂದರ ಚಿತ್ರಗಳನ್ನು ಕಳುಹಿಸಿದ. ನೆರೆಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಮಕ್ಕಳು ಅಟ್ಟದ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು ಮಾರುತ್ತಿದ್ದರಂತೆ. ಹಳೆಯ ಯುದ್ಧಗಳ ಬಗ್ಗೆ ಓದುವ ಚಟ ನನಗಿರುವುದು ಅವನಿಗೆ ಗೊತ್ತು. ‘ಮಾವ, ಇದು ಜಪಾನ್ ಸೈನ್ಯದ ಬಂದೂಕಿನ ನಕಲಿಯಂತೆ, ಅಷ್ಟೇನೂ ಬೆಲೆ ಬಾಳುವುದಿಲ್ಲವಂತೆ, ನೀವೇನು ಹೇಳುತ್ತೀರಿ?’ ಎಂದು ಕೇಳಿದ. ಬೆಲೆಯ ಮಾತು ಹಾಗಿರಲಿ, ‘ನಕಲಿ’ ಎಂಬ ಮಾತೇ ನನಗೆ ಸರಿಕಾಣಲಿಲ್ಲ. ಅವನಿಗೆ ಕನ್ನಡದಲ್ಲಿ ಉತ್ತರ ಬರೆಯಲು ಕುಳಿತವನು ಹೆಜ್ಜೆಹೆಜ್ಜೆಗೂ ಪದಕ್ಕಾಗಿ ತಡಕಾಡಿದೆ. ಆ ತಡಕಾಟವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ವಸ್ತುವಿನ ವಿಷಯ. 1925ರಲ್ಲಿ ಜಪಾನ್ ಸರ್ಕಾರ ತನ್ನ ಮಾಧ್ಯಮಿಕ ಶಾಲೆಗಳಿಗೂ ಕಾಲೇಜುಗಳಿಗೂ ಸೇವೆಯಲ್ಲಿದ್ದ ಸೇನಾಧಿಕಾರಿಗಳನ್ನು ನೇಮಿಸಿ ಹುಡುಗರಿಗೆ ಕವಾಯತು ಕಲಿಸಲು ಆರಂಭಿಸಿತು. ಅಷ್ಟು ಹುಡುಗರ ಕೈಗೆ ಕೊಡಲು ಬಂದೂಕು ಬೇಕಲ್ಲ? ಅವು ಎರಡು ದಾರಿಯಿಂದ ಬಂದವು. ಸೈನ್ಯದಲ್ಲಿ ಸವೆದ ನಿಜವಾದ ಬಂದೂಕುಗಳು ನಿವೃತ್ತಿ ಪಡೆದು ಶಾಲೆ ಸೇರಿದವು. ಇನ್ನು ಕೆಲವನ್ನು ಸಣ್ಣಪುಟ್ಟ ಖಾಸಗಿ ಕಾರ್ಖಾನೆಗಳು ಕವಾಯತಿಗೆಂದೇ ತಯಾರಿಸಿದವು. ಈ ಎರಡನೆಯವು ನೋಡಲು ಸೈನಿಕರ ಬಂದೂಕಿನಂತೆಯೇ ಇರುತ್ತವೆ. ಆದರೆ ಗುಂಡಿಲ್ಲದ, ಬರೀ ಸದ್ದಿನ ತೋಟಾ ಹಾರಿಸುವುದಷ್ಟೇ ಇವುಗಳ ಕೆಲಸ. ತೋಟಾ ಕೂರುವ ಗೂಡನ್ನು ಉಕ್ಕಿನ ಬದಲು ಬೀಡುಕಬ್ಬಿಣದಲ್ಲಿ ಎರಕ ಹೊಯ್ದಿರುತ್ತಾರೆ. ನಿಜವಾದ ತೋಟಾ ತುರುಕಿ ಹಾರಿಸಿದರೆ ಆ ಗೂಡೇ ಸಿಡಿದು ಹಾರಿಸಿದವನ ಮುಖಕ್ಕೆ ಬರಬಹುದು. ಅಳಿಯನಿಗೆ ನಾನು ಮೊದಲು ಬರೆದದ್ದೇ ಈ ಎಚ್ಚರಿಕೆ.

ಈಗ ಪದಗಳಿಗೆ ಬರುತ್ತೇನೆ. ‘ನಕಲಿ’ ಎಂದರೆ ಮೋಸ ಮಾಡಲು ತಯಾರಿಸಿದ್ದು: ನಕಲಿ ನೋಟು, ನಕಲಿ ಅಂಕಪಟ್ಟಿ. ಈ ಬಂದೂಕು ಯಾರನ್ನೂ ಮೋಸ ಮಾಡಲು ಹುಟ್ಟಿದ್ದಲ್ಲ, ತನ್ನ ಕೆಲಸಕ್ಕೆ ಅದು ಅಸಲಿಯೇ. ‘ಅಣಕು’ ಪತ್ರಿಕೆಗಳಿಗೆ ಪ್ರಿಯವಾದ ಪದ. ಅಗ್ನಿಶಾಮಕ ದಳದ ‘ಅಣಕು ಪ್ರದರ್ಶನ’ ನಮಗೆಲ್ಲ ಗೊತ್ತು. ಆದರೆ ಅಣಕಿಸುವುದರಲ್ಲಿ ಗೇಲಿಯ ವಾಸನೆ ಇದೆ. ಮೇಲಾಗಿ ‘ಅಣಕು ಬಂದೂಕು’ ಎಂದರೆ ಮರದಲ್ಲಿ ಕೆತ್ತಿದ್ದು ಎಂದೇ ಜನ ತಿಳಿಯುತ್ತಾರೆ. ಮರದ್ದಕ್ಕೆ ಜಪಾನಿನಲ್ಲಿ ‘ಮೊಕುಜೂ’ ಎಂಬ ಬೇರೆ ಹೆಸರೇ ಇದೆ. ಬಂದೂಕಿನ ತುದಿಗೆ ಸಿಕ್ಕಿಸುವ ಬಾಕಿನಿಂದ ತಿವಿಯುವ ಅಭ್ಯಾಸಕ್ಕೆ ಬಳಸುತ್ತಿದ್ದದ್ದು ಅದು.

‘ತರಬೇತಿ ರೈಫಲ್’ ಎಂದರೆ ಮುಗಿಯಿತಲ್ಲ ಎನ್ನಬಹುದು. ಅಲ್ಲೊಂದು ತಮಾಷೆ ಇದೆ. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿಂದಲೇ ಇಂಗ್ಲಿಷಿನಲ್ಲಿ ರೈಫಲ್ ಎಂಬ ಹೆಸರು ಬಂದದ್ದು. ಕವಾಯತಿಗೆಂದು ಮಾಡಿದ ಈ ಬಂದೂಕುಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣ್ಣಗಿರುತ್ತದೆ. ಗೀರಿಲ್ಲದ್ದನ್ನು ರೈಫಲ್ ಎನ್ನುವುದು ಹೇಗೆ? ನಮ್ಮ ‘ಕೋವಿ’ಗೆ ಈ ತೊಡಕಿಲ್ಲ. ಕೋವಿ ಎಂದರೆ ಕೊಳವೆ ಎಂಬ ಅರ್ಥವೂ ಇದೆ. ಒಳಗೆ ಗೀರಿದ್ದರೂ ಕೋವಿ, ಇಲ್ಲದಿದ್ದರೂ ಕೋವಿ. ಮಲೆನಾಡಿನ ಕೇಪಿನ ಕೋವಿಯಲ್ಲಿ ಯಾರು ಗೀರು ಹುಡುಕಿದ್ದಾರೆ?

ಜಪಾನಿಯಲ್ಲಿ ಶಾಲೆಯ ಈ ಶಿಕ್ಷಣವನ್ನು ‘ಕ್ಯೋರೆನ್’ ಎನ್ನುತ್ತಿದ್ದರು. ಮೊದಲ ಅಕ್ಷರಕ್ಕೆ ಕಲಿಸು ಎಂದೂ ಎರಡನೆಯದಕ್ಕೆ ನಾದಿ ಹದಗೊಳಿಸು ಎಂದೂ ಅರ್ಥ. ನಮ್ಮ ‘ತಾಲೀಮು’ ಅರಬ್ಬಿಯಲ್ಲಿ ಕಲಿಸುವುದೇ ಆದರೂ ಕನ್ನಡಕ್ಕೆ ಬಂದ ಮೇಲೆ ಗರಡಿಯ ಮಣ್ಣನ್ನೂ ನಾಟಕದ ಬಣ್ಣವನ್ನೂ ಮೆತ್ತಿಕೊಂಡಿದೆ. ‘ಕವಾಯತು’ ಮಾತ್ರ ಸಾಲುಗಟ್ಟಿ ನಿಲ್ಲುವುದನ್ನು ನೇರವಾಗಿ ಕಣ್ಣಿಗೆ ತರುತ್ತದೆ. ಹಾಗಾಗಿ ನನ್ನ ಒಲವು ‘ಕವಾಯತು ಕೋವಿ’ಯ ಕಡೆಗೆ.

ಗುಂಡಿಲ್ಲದ ಹಾರಿಕೆಗೆ ಅವರ ಪದ ‘ಕೂಹೋ’, ಅಂದರೆ ಬರಿದಾದ ತೋಪು. ನಮ್ಮಲ್ಲಿ ದಸರೆಗೆ ಹಾರಿಸುವ, ಮದ್ದು ಮಾತ್ರ ತುಂಬಿದ ತೋಪಿಗೆ ‘ಕುಶಾಲತೋಪು’ ಎನ್ನುತ್ತೇವೆ. ಅವರಿಗೆ ಕಂಡದ್ದು ತೋಪಿನ ಬರಿದು, ನಮಗೆ ಕೇಳಿಸಿದ್ದು ಅದರ ಸಂಭ್ರಮ. ಸದ್ದಿನ ತೋಟಾಕ್ಕೆ ‘ಕುಶಾಲ ತೋಟಾ’ ಎನ್ನಬಹುದೇ? ಹದಿನಾರರ ಹುಡುಗರನ್ನು ಯುದ್ಧಕ್ಕೆ ಹದಗೊಳಿಸಿದ ವಸ್ತುವಿಗೆ ಕುಶಾಲು ಅಂಟಿಸಲು ಮನಸ್ಸು ಹಿಂಜರಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಅನುವಾದಕರು ತಪ್ಪುವ ಜಾಗ. ಜಪಾನ್ ಸೈನ್ಯದ ಒಂದು ಬಂದೂಕಿಗೆ ಇಂಗ್ಲಿಷಿನಲ್ಲಿರುವ ‘ಟೈಪ್ 38’ ಎಂಬ ಹೆಸರನ್ನು ‘38ನೇ ಮಾದರಿ’ ಎಂದರೆ ಅದಕ್ಕೂ ಮೊದಲು 37 ಮಾದರಿಗಳಿದ್ದವು ಎಂದಾಗುತ್ತದೆ. 38 ಎಂಬುದು ಮೇಯಿಜಿ ಚಕ್ರವರ್ತಿಯ ಆಳ್ವಿಕೆಯ 38ನೇ ವರ್ಷ, ಅಂದರೆ 1905. ಆಮೇಲೆ ಬಂದ ‘ಟೈಪ್ 99’ ಬಂದೂಕಿನಲ್ಲಿ ಲೆಕ್ಕವೇ ಬೇರೆ: ಅದು ಜಪಾನಿನ ಸಾಮ್ರಾಜ್ಯ ಶಕೆಯ 2599ರ ಕೊನೆಯ ಎರಡಂಕಿ, ಅಂದರೆ 1939. ಕನ್ನಡದಲ್ಲಿ ‘38ರ ಮಾದರಿ’, ‘99ರ ಮಾದರಿ’ ಎಂದರೆ ಸಾಕು. ಒಂದು ‘ರ’ಕಾರ ಎಲ್ಲವನ್ನೂ ಸರಿಪಡಿಸುತ್ತದೆ.

ಬೆಲೆ ಕಟ್ಟುವಲ್ಲಿ ಈ ಹೆಸರುಗಳು ಲೆಕ್ಕಕ್ಕೆ ಬರುತ್ತವೆ. ಸೈನ್ಯದ ಬಂದೂಕಿನ ಗೂಡಿನ ಮೇಲೆ ಹದಿನಾರು ಎಸಳಿನ ಸೇವಂತಿಗೆಯ ಮುದ್ರೆ ಇರುತ್ತದೆ, ಅದು ಚಕ್ರವರ್ತಿಯ ಗುರುತು. ಮುದ್ರೆ ಅಳಿಯದೆ ಉಳಿದಿದ್ದರೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. 1945ರ ಶರಣಾಗತಿಯ ಹೊತ್ತಿಗೆ ಬಹಳಷ್ಟನ್ನು ಉಜ್ಜಿ ತೆಗೆದರು. ಶಾಲೆಗೆ ಕೊಟ್ಟವುಗಳ ಮುದ್ರೆಯ ಮೇಲೆ ಸಣ್ಣ ವೃತ್ತಗಳನ್ನು ಒತ್ತಿ ರದ್ದು ಮಾಡಿದ್ದೂ ಉಂಟು. ಕವಾಯತಿಗೆಂದೇ ಮಾಡಿದ್ದರಲ್ಲಿ ಸೇವಂತಿಗೆ ಮೊದಲಿನಿಂದಲೂ ಇರುವುದಿಲ್ಲ. ಆದ್ದರಿಂದ ಹೂವಿಲ್ಲ ಎಂಬುದೊಂದರಿಂದಲೇ ತೀರ್ಮಾನಿಸುವಂತಿಲ್ಲ. ಉಜ್ಜಿದ ಕಲೆ ಇದೆಯೇ, ದೀಪ ಹಿಡಿದರೆ ನಳಿಗೆಯೊಳಗೆ ಗೀರು ಕಾಣುತ್ತದೆಯೇ, ಗೂಡೂ ಅದರ ಹಿಂದಿನ ಬಾಲವೂ ಒಂದೇ ಎರಕವೇ ಎಂದು ನೋಡಬೇಕು. ಅಳಿಯನದ್ದರಲ್ಲಿ ಉಜ್ಜಿದ ಕಲೆಯಿಲ್ಲ, ಗೀರಿಲ್ಲ, ಬಾಲ ಎರಕಕ್ಕೇ ಅಂಟಿದೆ. ಅಂದರೆ ಕವಾಯತು ಕೋವಿಯೇ. ಸೈನ್ಯದ ಬಂದೂಕಿನಷ್ಟು ಬೆಲೆ ಸಾಮಾನ್ಯವಾಗಿ ಇದಕ್ಕೆ ಬರುವುದಿಲ್ಲ. ಆದರೆ ‘ನಕಲಿ’ ಎಂದು ಚೀಟಿ ಅಂಟಿಸಿ ಗುಜರಿಗೆ ಹಾಕುವಂಥದ್ದಂತೂ ಅಲ್ಲ.

ನನ್ನ ಪ್ರಶ್ನೆಗಳು ಮೂರು. ಸೈನ್ಯದಿಂದ ಶಾಲೆಗೆ ಬಂದದ್ದನ್ನು ‘ಶಾಲೆ ಸೇರಿದ ಬಂದೂಕು’ ಎಂದು ಉದ್ದಕ್ಕೆ ಬರೆದಿದ್ದೇನೆ. ಇನ್ನೂ ಚಿಕ್ಕದಾಗಿ ಹೇಳಬಹುದೇ? ಆ ‘ಗೂಡು’ ಎಂಬುದಕ್ಕೆ ಕೊಡಗಿನವರಾಗಲಿ ಕೋವಿ ರಿಪೇರಿ ಮಾಡುವವರಾಗಲಿ ಬಳಸುವ ಬೇರೆ ಪದವಿದೆಯೇ? ಕೊನೆಯದು, ಎನ್‌ಸಿಸಿಯಲ್ಲಿದ್ದವರಿಗೆ: ಕವಾಯತಿಗೆ ಮಾತ್ರ ಕೊಡುತ್ತಿದ್ದ ‘ಡಿಪಿ ರೈಫಲ್’ ನಿಮಗೆ ನೆನಪಿರಬೇಕು. ಅದನ್ನು ಹೆಗಲ ಮೇಲಿಟ್ಟುಕೊಂಡು ಮೈದಾನ ಸುತ್ತುವಾಗ ನೀವು ನಿಮ್ಮೊಳಗೆ ಕನ್ನಡದಲ್ಲಿ ಏನೆಂದು ಕರೆಯುತ್ತಿದ್ದಿರಿ? ಬೈಗುಳವಾದರೂ ಸರಿ, ಬರೆಯಿರಿ.